ಬೇರೇನೂ ಆಗದಂತೆ

ಮಟನ್ ಅಂಗಡಿಯಲ್ಲಿ ‘ನಲ್ಲಿ ಎರಡು ಜಾಸ್ತಿ ಹಾಕಪ್ಪಾ’ ಎಂದು ಕೇಳಿ ಹಾಕಿಸಿಕೊಳ್ಳುವವರಿಗೆ ಮಜ್ಜೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಸಾರಿನಲ್ಲಿ ಬೆಂದ ಮೂಳೆಯನ್ನು ತಟ್ಟೆಯ ಅಂಚಿಗೆ ಎರಡು ಸಲ ಕುಟ್ಟಿದರೆ ಒಳಗಿನ ಮೆತ್ತನೆಯ ತುಂಡು ಜಾರಿ ಅನ್ನದ ಮೇಲೆ ಬೀಳುತ್ತದೆ. ಬೀಳದಿದ್ದರೆ ಬಾಯಿಟ್ಟು ಹೀರುವುದೇ. ಆದರೆ ಆ ರುಚಿ ಹೆಚ್ಚಾಗಿ ಕೊಬ್ಬಿನದು. ವಯಸ್ಸಾದಂತೆ ಕಾಲಿನ ಉದ್ದ ಮೂಳೆಗಳ ಪೊಳ್ಳಿನಲ್ಲಿ ಹಳದಿ ಮಜ್ಜೆ ತುಂಬಿಕೊಳ್ಳುತ್ತದೆ. ರಕ್ತ ಹುಟ್ಟುವ ಕೆಂಪು ಮಜ್ಜೆ ಸೊಂಟದ ಮೂಳೆ, ಬೆನ್ನುಮೂಳೆ, ಎದೆಮೂಳೆ, ಪಕ್ಕೆಲುಬುಗಳ ಒಳಗಿನ ಸಂದುಗೊಂದುಗಳಿಗೆ ಸರಿದುಕೊಳ್ಳುತ್ತದೆ. ನಮ್ಮ ಮೈಯಲ್ಲೂ ಹಾಗೆಯೇ. ಮಜ್ಜೆಯ ಪರೀಕ್ಷೆ ಮಾಡುವ ವೈದ್ಯರು ತೊಡೆಯನ್ನು ಬಿಟ್ಟು ಸೊಂಟದ ಹಿಂಭಾಗದ ಮೂಳೆಗೆ ಸೂಜಿ ಹಾಕುವುದು ಇದೇ ಕಾರಣಕ್ಕೆ.

ಆ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಮಂಡಿಯನ್ನು ಎದೆಯತ್ತ ಮಡಚಿಸಿ, ಚರ್ಮಕ್ಕೂ ಮೂಳೆಯ ಮೇಲ್ಪದರಕ್ಕೂ ಮರಗಟ್ಟುವ ಮದ್ದು ಕೊಟ್ಟಿರುತ್ತಾರೆ. ದಪ್ಪ ಸೂಜಿಯನ್ನು ಅತ್ತಿತ್ತ ತಿರುವುತ್ತಾ ಒತ್ತಿದಂತೆ, ಗಟ್ಟಿಯಾದದ್ದು ದಾಟಿ ಒಮ್ಮೆಗೇ ಸಡಿಲಗೊಂಡದ್ದು ವೈದ್ಯರ ಅಂಗೈಗೆ ತಿಳಿಯುತ್ತದೆ. ಸಿರಿಂಜ್ ಎಳೆಯುವ ಆ ಒಂದೆರಡು ಕ್ಷಣ ಮಾತ್ರ ಯಾವ ಮದ್ದೂ ಪೂರ್ತಿ ತಡೆಯಲಾರದ ನೋವು. ಹೊರಬರುವುದು ಒಂದಿಷ್ಟು ಗಾಢ ಕೆಂಪು ದ್ರವ. ಗಾಜಿನ ಮೇಲೆ ಹನಿಸಿ ಓರೆ ಮಾಡಿದರೆ ರಕ್ತ ಕೆಳಕ್ಕೆ ಹರಿದು ಮಜ್ಜೆಯ ಪುಟ್ಟ ಕಣಗಳು ಉಳಿಯುತ್ತವೆ. ತಂತ್ರಜ್ಞರು ಅವನ್ನೇ ಆರಿಸಿ, ಇನ್ನೊಂದು ಗಾಜಿನಿಂದ ಸವರಿ, ಒಣಗಿಸಿ, ಲೀಶ್‌ಮನ್ ಬಣ್ಣ ಸುರಿದು ತೊಳೆದು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ.

ಎಣ್ಣೆ ಹನಿಸಿ ನೂರರ ಮಸೂರಕ್ಕೆ ತಿರುಗಿಸಿದಾಗ ಕಾಣುವುದು ನೇರಳೆ, ಗುಲಾಬಿ, ನೀಲಿಗಳ ಜಾತ್ರೆ. ಹಿಮೋಗ್ಲೋಬಿನ್ ತುಂಬಿಸಿಕೊಳ್ಳುತ್ತಾ ಬಣ್ಣ ಬದಲಿಸುತ್ತಿರುವ ಕೆಂಪು ಕಣದ ಮರಿಗಳು. ಕಡು ಗುಲಾಬಿ ಹರಳುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಬಿಳಿ ಕಣಗಳು. ಅಲ್ಲೊಂದು ಇಲ್ಲೊಂದು ದೈತ್ಯ ಮೆಗಾಕ್ಯಾರಿಯೋಸೈಟ್, ಅದರ ಅಂಚು ಚೂರಾಗಿಯೇ ಪ್ಲೇಟ್‌ಲೆಟ್ ಆಗುವುದು. ಇವುಗಳ ನಡುವೆ ಯಾವ ಆಡಂಬರವೂ ಇಲ್ಲದ ಒಂದು ಜಾತಿ ಇದೆ: ಪುಟ್ಟ, ದುಂಡು, ಮೈಯೆಲ್ಲ ಕೋಶಕೇಂದ್ರವೇ ಆಗಿ ಸುತ್ತ ಒಂದೆಳೆ ನೀಲಿ ಅಂಚು ಮಾತ್ರ ಉಳಿದ ಕೋಶ. ಎಳೆಯ ಮಕ್ಕಳ ಮಜ್ಜೆಯಲ್ಲಿ ಇವು ಹೇರಳ. ಹೆಮಟೋಗೋನ್ ಎಂದು ಕರೆಯುವ ಈ ಕೋಶಗಳೇ ಮುಂದೆ ಬಿ ಲಿಂಫೋಸೈಟ್, ಅಂದರೆ ಬಿ ಕೋಶ ಆಗಿ, ನಮ್ಮ ಪ್ರತಿಕಾಯಗಳನ್ನೆಲ್ಲ ತಯಾರಿಸುವ ಕುಲದ ಕೂಸುಗಳು. ತೊಂದರೆ ಏನೆಂದರೆ, ಮಕ್ಕಳ ರಕ್ತದ ಕ್ಯಾನ್ಸರಿನ ಕೋಶಗಳೂ ನೋಡಲು ಹೆಚ್ಚುಕಮ್ಮಿ ಹೀಗೇ ಇರುತ್ತವೆ. ಚಿಕಿತ್ಸೆಯಾದ ಮೇಲೆ ಮಗುವಿನ ಮಜ್ಜೆ ಚೇತರಿಸಿಕೊಳ್ಳುವಾಗ ಹೆಮಟೋಗೋನುಗಳು ಗುಂಪುಗುಂಪಾಗಿ ಏಳುತ್ತವೆ. ರೋಗ ಮರಳಿತೋ, ಆರೋಗ್ಯ ಮರಳಿತೋ? ಬರೀ ಕಣ್ಣನ್ನು ನಂಬಿ ತೀರ್ಪು ಬರೆಯುವ ಧೈರ್ಯ ಅನುಭವಿ ರೋಗಶಾಸ್ತ್ರಜ್ಞರಿಗೂ ಬರುವುದಿಲ್ಲ.

ಇಡೀ ಸಂತೆಗೆ ಮೂಲವಾದ ರಕ್ತದ ಕಾಂಡಕೋಶವಂತೂ ಕಣ್ಣಿಗೆ ಗುರುತೇ ಸಿಗದು. ವಯಸ್ಕರೊಬ್ಬರ ಮೈಯಲ್ಲಿ ಕೆಲಸ ಮಾಡುತ್ತಿರುವ ಅಂಥ ಕೋಶಗಳು 50 ಸಾವಿರದಿಂದ 2 ಲಕ್ಷ ಇರಬಹುದೆಂದು 2018ರಲ್ಲಿ ಒಂದು ಅಂದಾಜು ಬಂತು. ದಿನಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ಕಣ ಹುಟ್ಟಿಸುವ ಮನೆತನಕ್ಕೆ ಇದು ತೀರಾ ಸಣ್ಣ ಸಂಖ್ಯೆ. ಕೆಂಪು ಕಣ, ಪ್ಲೇಟ್‌ಲೆಟ್, ಕಸ ನುಂಗುವ ಮ್ಯಾಕ್ರೊಫೇಜ್, ಟಿ ಕೋಶ, ಬಿ ಕೋಶ, ಎಲ್ಲವೂ ಇದರ ಸಂತಾನವೇ. ಎಲ್ಲವೂ ಆಗಬಲ್ಲ ಒಂದು ಕೋಶ ಬಿ ಕೋಶ ಮಾತ್ರ ಆಗಲು ಯಾವಾಗ, ಹೇಗೆ ಒಪ್ಪಿಕೊಂಡಿತು? ಒಪ್ಪಿಕೊಂಡ ಮೇಲೆ ಮಾತಿಗೆ ತಪ್ಪದಂತೆ ಅದನ್ನು ಹಿಡಿದಿಟ್ಟಿರುವುದು ಏನು? ಈ ಎರಡನೆಯ ಪ್ರಶ್ನೆಯನ್ನು ಬಹುಕಾಲ ಯಾರೂ ಕೇಳಿಯೇ ಇರಲಿಲ್ಲ. ನನ್ನ ಮಟ್ಟಿಗೆ ಸ್ವಾರಸ್ಯವೆಲ್ಲ ಇರುವುದು ಅಲ್ಲೇ.

ಬಿ ಕೋಶದ ಸುಳಿವು ಮೊದಲು ಸಿಕ್ಕಿದ್ದು ಮಜ್ಜೆಯಲ್ಲಿ ಅಲ್ಲ, ಕೋಳಿಯ ಬಾಲದ ಬುಡದಲ್ಲಿ. ಅಲ್ಲಿ ಕರುಳಿನ ಕೊನೆಗೆ ಅಂಟಿಕೊಂಡ ಒಂದು ಪುಟ್ಟ ಚೀಲವಿದೆ. ಇಟಲಿಯ ಪಡುವಾದ ಅಂಗರಚನಾ ಪಂಡಿತ ಫ್ಯಾಬ್ರಿಷಿಯಸ್ ಅದನ್ನು ವರ್ಣಿಸಿದ್ದ. ಆತ ತೀರಿಕೊಂಡ ಮೇಲೆ, 1621ರಲ್ಲಿ, ಆ ಬರಹ ಅಚ್ಚಾಯಿತು. ‘ಬರ್ಸಾ’ ಎಂಬ ಹೆಸರು ಉಳಿಯಿತು, ಕೆಲಸವೇನೆಂದು ಮುನ್ನೂರು ವರ್ಷ ಗೊತ್ತಾಗಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕೋಳಿಸಾಕಣೆ ವಿಭಾಗದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳ ಬರ್ಸಾ ಕತ್ತರಿಸಿ ತೆಗೆದು ಏನಾಗುತ್ತದೆಂದು ಕಾಯುತ್ತಿದ್ದ. ಏನೂ ಆಗಲಿಲ್ಲ. ಮರಿಗಳು ತಿಂದುಂಡು ಬೆಳೆದವು. ಆ ಹೊತ್ತಿಗೆ ಟಿಮತಿ ಚಾಂಗ್ ಎಂಬ ಜೊತೆಗಾರನಿಗೆ ಪಾಠಕ್ಕೆಂದು ಒಂದಿಷ್ಟು ಕೋಳಿಗಳು ಬೇಕಾದವು. ಸಾಲ್ಮೊನೆಲ್ಲಾ ರೋಗಾಣು ಚುಚ್ಚಿದರೆ ರಕ್ತದಲ್ಲಿ ಪ್ರತಿಕಾಯ ಏಳುತ್ತದೆ ಎಂದು ತರಗತಿಗೆ ತೋರಿಸಬೇಕಿತ್ತು, ಅಷ್ಟೇ. ಗ್ಲಿಕ್ ತನ್ನಲ್ಲಿದ್ದ ಕೋಳಿಗಳನ್ನು ಕೊಟ್ಟ. ಪಾಠ ಕೆಟ್ಟಿತು: ಕೆಲವು ಕೋಳಿ ಸತ್ತವು, ಉಳಿದ ಹಲವದರಲ್ಲಿ ಪ್ರತಿಕಾಯವೇ ಇಲ್ಲ. ಗುರುತು ನೋಡಿದರೆ ಅವೆಲ್ಲ ಬರ್ಸಾ ಕಳೆದುಕೊಂಡವು. ‘ಸೈನ್ಸ್’ ಪತ್ರಿಕೆ ಆ ಬರಹವನ್ನು ಒಲ್ಲೆ ಎಂದಿತು. 1956ರಲ್ಲಿ ಅದು ‘ಪೌಲ್ಟ್ರಿ ಸೈನ್ಸ್’ನಲ್ಲಿ ಬಂತು. ಕೋಳಿಸಾಕಣೆಯ ಪತ್ರಿಕೆಯನ್ನು ರೋಗನಿರೋಧದ ಪಂಡಿತರು ಯಾಕೆ ಓದಿಯಾರು? ಕೆಲವು ವರ್ಷ ಅದು ಹಾಗೇ ಬಿದ್ದಿತ್ತು.

ಅದನ್ನು ಗಂಭೀರವಾಗಿ ಹಿಡಿದವರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ರಾಬರ್ಟ್ ಗುಡ್ ಅವರ ಪ್ರಯೋಗಾಲಯದಲ್ಲಿದ್ದ ಮಕ್ಕಳ ವೈದ್ಯ ಮ್ಯಾಕ್ಸ್ ಕೂಪರ್ ಮುಖ್ಯರು. ಆಗತಾನೆ ಮೊಟ್ಟೆಯೊಡೆದ ಮರಿಗಳಿಗೆ ವಿಕಿರಣ ಕೊಟ್ಟು ಹಳೆಯ ಲಿಂಫೋಸೈಟುಗಳನ್ನು ತೊಡೆದುಹಾಕಿ, ಕೆಲವದರ ಬರ್ಸಾ, ಕೆಲವದರ ಥೈಮಸ್ ಎಂಬ ಗ್ರಂಥಿ ತೆಗೆದರು. ಬರ್ಸಾ ಹೋದರೆ ಪ್ರತಿಕಾಯ ಹೋಗುತ್ತದೆ, ಪರರ ಚರ್ಮ ಕಸಿ ಮಾಡಿದರೆ ತಿರಸ್ಕರಿಸುವ ಶಕ್ತಿ ಉಳಿಯುತ್ತದೆ. ಥೈಮಸ್ ಹೋದರೆ ಕೆಡುವುದು ಈ ತಿರಸ್ಕಾರದ ಶಕ್ತಿ. 1965ರ ಆ ಪ್ರಯೋಗದಿಂದ ಲಿಂಫೋಸೈಟುಗಳಲ್ಲಿ ಎರಡು ಪಂಗಡ ಇರುವುದು ಖಚಿತವಾಯಿತು. ಬರ್ಸಾದ ಮೊದಲಕ್ಷರ ಒಂದಕ್ಕೆ, ಥೈಮಸ್ಸಿನದು ಇನ್ನೊಂದಕ್ಕೆ ಹೆಸರಾಯಿತು. ಮನುಷ್ಯರಿಗಾಗಲಿ ಇಲಿಗಾಗಲಿ ಬರ್ಸಾ ಇಲ್ಲವಲ್ಲ? ಅಪೆಂಡಿಕ್ಸ್, ಕರುಳಿನ ಗಂಟುಗಳು ಎಂದೆಲ್ಲ ತಡಕಾಡಿ, 1974ರ ಹೊತ್ತಿಗೆ ಉತ್ತರ ಸಿಕ್ಕಿತು: ಭ್ರೂಣದಲ್ಲಿ ಯಕೃತ್ತು, ಹುಟ್ಟಿದ ಮೇಲೆ ಮಜ್ಜೆ. ಬಿ ಕೋಶಕ್ಕೆ ಪ್ರತ್ಯೇಕ ಮನೆಯಿಲ್ಲ. ರಕ್ತದ ಉಳಿದೆಲ್ಲ ಕುಲಗಳ ಜೊತೆ ಒಂದೇ ವಠಾರದಲ್ಲಿ ಅದು ಹುಟ್ಟಬೇಕು.

ಆ ಹೊತ್ತಿಗೆ ಕಾಂಡಕೋಶವೂ ಬರೀ ಊಹೆಯಾಗಿ ಉಳಿದಿರಲಿಲ್ಲ. 1961ರಲ್ಲಿ ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಕೊಟ್ಟಾಗ, ಹತ್ತು ದಿನದ ಆಸುಪಾಸಿನಲ್ಲಿ ಅವುಗಳ ಗುಲ್ಮದ ಮೇಲೆ ಗಂಟುಗಳೆದ್ದವು. ಒಂದೊಂದು ಗಂಟೂ ಒಂದೊಂದೇ ಕೋಶದ ಸಂತಾನ ಎಂದು ಎರಡು ವರ್ಷದ ಬಳಿಕ ತೋರಿಸಿದರು. ಕಾಂಡಕೋಶವನ್ನು ಗುಂಪಿನಿಂದ ಬೇರ್ಪಡಿಸಿ ಹಿಡಿಯಲು 1988 ಬರಬೇಕಾಯಿತು. ಸ್ಟ್ಯಾನ್‌ಫರ್ಡಿನ ಇರ್ವಿಂಗ್ ವೈಸ್‌ಮನ್ ತಂಡ ಆರಿಸಿದ 30 ಕೋಶಗಳಷ್ಟೇ ಸಾಕು, ಸಾಯಬೇಕಿದ್ದ ಇಲಿಗಳಲ್ಲಿ ಅರ್ಧದಷ್ಟು ಬದುಕಿದವು. ಕಣ್ಣಿಗೆ ಗುರುತು ಸಿಗದ ಕೋಶವನ್ನು ಆರಿಸಿದ್ದು ಯಾವುದರಿಂದ? ಕೋಶದ ಮೈಮೇಲಿನ ಪ್ರೋಟೀನುಗಳಿಗೆ ಅಂಟುವ, ಬೆಳಕು ಬೀರುವ ಬಣ್ಣ ಕಟ್ಟಿದ ಪ್ರತಿಕಾಯಗಳಿಂದ. ಅಂದರೆ ಬಿ ಕೋಶದ ತವರನ್ನು ಹುಡುಕಲು ಹೊರಟವರು ಕೈಯಲ್ಲಿ ಹಿಡಿದದ್ದು ಬಿ ಕೋಶವೇ ಮಾಡಿಕೊಟ್ಟ ಸಲಕರಣೆ.

ಈಗ ಮೂಳೆಯೊಳಕ್ಕೆ ಹೋಗೋಣ. ಸೊಂಟದ ಮೂಳೆಯ ಒಳಗೆ ಅಡ್ಡಾದಿಡ್ಡಿ ಹಬ್ಬಿದ ಸಪೂರ ಮೂಳೆಯ ಕಂಬಗಳು, ಅವುಗಳ ನಡುವಿನ ಪೊಳ್ಳಿನಲ್ಲಿ ಮಜ್ಜೆ. ರಕ್ತ ಇಲ್ಲಿ ಧಾವಿಸುವುದಿಲ್ಲ. ಅಗಲವಾದ, ಗೋಡೆ ತೆಳುವಾದ ನಾಳಗಳಲ್ಲಿ ನಿಧಾನಕ್ಕೆ ಸಾಗುತ್ತದೆ. ನಾಳದ ಗೋಡೆಗೆ ಒರಗಿ, ಉದ್ದುದ್ದ ಕೈಗಳನ್ನು ಸುತ್ತಲೂ ಚಾಚಿದ ಆಸರೆಕೋಶಗಳಿವೆ. ಇವು ರಕ್ತ ಆಗುವವಲ್ಲ, ರಕ್ತವನ್ನು ಸಾಕುವವು. ಜಪಾನಿನ ತಕಾಶಿ ನಾಗಸಾವ ಮತ್ತು ಸಂಗಡಿಗರು ಬಣ್ಣ ಕಟ್ಟಿ ತೋರಿಸಿದ ಈ ಕೋಶಗಳು ಸಿಎಕ್ಸ್‌ಸಿಎಲ್12 ಎಂಬ ರಾಸಾಯನಿಕವನ್ನು ಸದಾ ಸೂಸುತ್ತಿರುತ್ತವೆ. ಕಾಂಡಕೋಶ ಅದರ ಸೆಳೆತಕ್ಕೆ ಸಿಕ್ಕಿ ಹತ್ತಿರದಲ್ಲೇ ನಿಲ್ಲುತ್ತದೆ. ಬಹುಪಾಲು ಹೊತ್ತು ಅದು ಏನನ್ನೂ ಮಾಡುವುದಿಲ್ಲ, ಒಡೆಯುವುದೂ ಅಪರೂಪ. ಈ ಜಡತನವೇ ಅದರ ಆಯುಷ್ಯ. ಆಸರೆಕೋಶಗಳೇ ಇಂಟರ್‌ಲ್ಯೂಕಿನ್-7 ಎಂಬ ಇನ್ನೊಂದು ಸಂದೇಶವನ್ನೂ ಹೊರಡಿಸುತ್ತವೆ. ಕಾಂಡಕೋಶಕ್ಕೆ ಅದು ಕೇಳಿಸದು, ಕೇಳಲು ಬೇಕಾದ ಗ್ರಾಹಕ ಅದರ ಮೈಮೇಲೆ ಇನ್ನೂ ಬಂದಿಲ್ಲ.

ಕೆಲವೊಮ್ಮೆ ಕಾಂಡಕೋಶ ಒಡೆದು, ಒಂದು ಮರಿ ದಾರಿ ಹಿಡಿಯುತ್ತದೆ. ಮೊದಲ ತಿರುವುಗಳಲ್ಲಿ ಏನೂ ತೀರ್ಮಾನವಾಗಿರುವುದಿಲ್ಲ. ಈ ಘಟ್ಟವನ್ನು ವಿವರಿಸಲು ನನಗೆ ಸಕಲೇಶಪುರದ ಆಚೆ, ಬಿಸಿಲೆಯ ದಾರಿಯಲ್ಲಿ ಮಂಕನಹಳ್ಳಿಯ ಹತ್ತಿರವಿರುವ ಏಣು ನೆನಪಾಗುತ್ತದೆ. ಅಲ್ಲಿ ಬಿದ್ದ ಮಳೆ ಈ ಮಗ್ಗುಲಿಗೆ ಜಾರಿದರೆ ಬಂಗಾಳ ಕೊಲ್ಲಿ, ಆ ಮಗ್ಗುಲಿಗೆ ಜಾರಿದರೆ ಅರಬ್ಬಿ ಸಮುದ್ರ. ಎರಡು ಹನಿಗಳ ನಡುವೆ ಬಿದ್ದಾಗ ಇದ್ದ ಅಂತರ ಗೇಣುದ್ದ ಇರಲಿಕ್ಕಿಲ್ಲ. ಮಜ್ಜೆಯಲ್ಲಿ ಆ ಗೇಣುದ್ದದ ಅಂತರ ಯಾವುದು? ಒಂದು ಉತ್ತರ ಪಿಯು.1 ಎಂಬ ಪ್ರೋಟೀನಿನ ಪ್ರಮಾಣ. ಇದು ಡಿಎನ್‌ಎಗೆ ಅಂಟಿಕೊಂಡು ಯಾವ ಜೀನ್ ಓದಬೇಕೆಂದು ನಿರ್ಧರಿಸುವ ವರ್ಗದ್ದು. ಷಿಕಾಗೊದಲ್ಲಿ ಹರಿಂದರ್ ಸಿಂಗ್ ಪ್ರಯೋಗಾಲಯ 2000ದಲ್ಲಿ ತೋರಿಸಿದ ಪ್ರಕಾರ, ಪಿಯು.1 ಹೆಚ್ಚಿದ್ದರೆ ಕೋಶ ಮ್ಯಾಕ್ರೊಫೇಜ್‌ನತ್ತ ವಾಲುತ್ತದೆ, ಕಡಿಮೆಯಿದ್ದರೆ ಬಿ ಕೋಶದತ್ತ. ಪೂರ್ತಿ ಇಲ್ಲದಿದ್ದರೆ ಎರಡೂ ಇಲ್ಲ. ಅದೇ ಪ್ರೋಟೀನು, ಅದೇ ಜೀನು. ಅಡುಗೆಯಲ್ಲಿ ಉಪ್ಪಿನ ವಿಷಯಕ್ಕೆ ಮಾತ್ರ ಸಲ್ಲುತ್ತದೆಂದು ನಾವು ತಿಳಿದಿದ್ದ ನ್ಯಾಯ ಕೋಶಕೇಂದ್ರದಲ್ಲೂ ನಡೆಯುತ್ತದೆ.

ಇಕಾರೊಸ್ ಎಂಬ ಇನ್ನೊಂದು ಪ್ರೋಟೀನು ಲಿಂಫೋಸೈಟುಗಳ ದಾರಿಯನ್ನು ಹದ ಮಾಡಿಡುತ್ತದೆ. ಅಷ್ಟಾದ ಮೇಲೆ ಕೋಶದ ಮೈಮೇಲೆ ಇಂಟರ್‌ಲ್ಯೂಕಿನ್-7ರ ಗ್ರಾಹಕ ಮೂಡುತ್ತದೆ. ಆಸರೆಕೋಶ ಹೇಳುತ್ತಲೇ ಇದ್ದದ್ದು ಈಗ ಕೇಳಿಸತೊಡಗುತ್ತದೆ. 1997ರಲ್ಲಿ ವೈಸ್‌ಮನ್ ತಂಡ ಇಲಿಯಲ್ಲಿ ಹೆಕ್ಕಿ ತೆಗೆದದ್ದು ಈ ಘಟ್ಟದ ಕೋಶವನ್ನೇ: ಟಿ, ಬಿ ಕೋಶಗಳೂ ಅವುಗಳ ದಾಯಾದಿಯಾದ ಎನ್‌ಕೆ ಕೋಶವೂ ಆಗಬಲ್ಲದು, ಕೆಂಪು ಕಣ ಆಗಲಾರದು. ಇದೇ ಕೋಶ ಥೈಮಸ್ಸಿನ ಕಡೆಗೆ ಹೋಗಿ ಅಲ್ಲಿನ ನಾಚ್ ಸಂಕೇತಕ್ಕೆ ಸಿಕ್ಕಿದ್ದರೆ ಟಿ ಕೋಶ ಆಗುತ್ತಿತ್ತು. ಮಾತು ಸುಳ್ಳಲ್ಲ. 1999ರಲ್ಲಿ ಇಲಿಯ ನಾಚ್ ಜೀನ್ ತೆಗೆದಾಗ ಥೈಮಸ್ಸಿನೊಳಗೇ ಬಿ ಕೋಶಗಳು ಬೆಳೆದವು. ಮಜ್ಜೆಯ ಕೋಶಗಳಲ್ಲಿ ನಾಚ್ ಸದಾ ಎಚ್ಚರವಿರುವಂತೆ ಮಾಡಿದಾಗ ಮಜ್ಜೆಯಲ್ಲೇ ಟಿ ಕೋಶಗಳು ಹುಟ್ಟಿದವು.

ಮಜ್ಜೆಯಲ್ಲೇ ಉಳಿದ ಕೋಶದಲ್ಲಿ ಇ2ಎ ಎಂಬ ಪ್ರೋಟೀನು ಇಬಿಎಫ್1 ಅನ್ನು ಎಬ್ಬಿಸುತ್ತದೆ, ಇಬಿಎಫ್1 ಪ್ಯಾಕ್ಸ್5 ಅನ್ನು ಎಬ್ಬಿಸುತ್ತದೆ, ಪ್ಯಾಕ್ಸ್5 ಹಿಂತಿರುಗಿ ಇಬಿಎಫ್1ಗೆ ಬಲ ಕೊಡುತ್ತದೆ. ಒಮ್ಮೆ ಈ ಪರಸ್ಪರ ಸಹಾಯ ಶುರುವಾದರೆ ಅದು ತನ್ನನ್ನು ತಾನೇ ನಡೆಸಿಕೊಂಡು ಹೋಗುತ್ತದೆ. ಕಾಗದದ ಮೇಲೆ ಎಷ್ಟು ಸಲೀಸು. ಆದರೆ ಪ್ಯಾಕ್ಸ್5 ಏನು ಮಾಡುತ್ತದೆಂದು ತಿಳಿದ ದಾರಿ ಸಲೀಸಾಗಿರಲಿಲ್ಲ. ಅದನ್ನು ಕಂಡುಕೊಂಡ ಮೈನ್‌ರಾಡ್ ಬಸ್ಲಿಂಗರ್ ಮೊದಲು ಕೆಲಸ ಮಾಡುತ್ತಿದ್ದದ್ದು ಕಡಲಿನ ಮುಳ್ಳುಜೀವಿ ಸೀ ಅರ್ಚಿನ್ ಮೇಲೆ. ಅದರ ಭ್ರೂಣದಲ್ಲಿ ಒಂದು ಡಿಎನ್‌ಎ ತುಣುಕಿಗೆ ಅಂಟುವ ಪ್ರೋಟೀನನ್ನು ಬೆನ್ನಟ್ಟಿ, ಸಸ್ತನಿಗಳಲ್ಲಿ ಅದಕ್ಕೆ ಸಾಟಿ ಯಾವುದೆಂದು ಹುಡುಕಿದಾಗ ಅದು ಸಿಕ್ಕಿದ್ದು ಬಿ ಕೋಶಗಳಲ್ಲಿ. ಅದೇ ಪ್ಯಾಕ್ಸ್5. ಕೋಳಿಸಾಕಣೆಯವರು, ಸೀ ಅರ್ಚಿನ್ ಸಾಕುವವರು: ಬಿ ಕೋಶದ ಚರಿತ್ರೆಯಲ್ಲಿ ಮುಖ್ಯ ಬಾಗಿಲುಗಳನ್ನು ತೆರೆದವರೆಲ್ಲ ಪಕ್ಕದ ಬೀದಿಯಿಂದ ಬಂದವರು.

ವಿಯೆನ್ನಾದಲ್ಲಿ ಬಸ್ಲಿಂಗರ್ ತಂಡ ಪ್ಯಾಕ್ಸ್5 ಇಲ್ಲದ ಇಲಿಗಳನ್ನು ಹುಟ್ಟಿಸಿತು. ಬಹುತೇಕ ಮರಿಗಳು ಮೂರು ವಾರದೊಳಗೆ ಸತ್ತವು. ಅವುಗಳ ಮಜ್ಜೆಯಲ್ಲಿ ಬಿ ಕೋಶಗಳು ಎಳೆಯ ಹಂತಕ್ಕೇ ನಿಂತುಬಿಟ್ಟಿದ್ದವು. ಆ ಕೋಶಗಳನ್ನು ಹೊರತೆಗೆದು, ಬಟ್ಟಲಿನಲ್ಲಿ ಆಸರೆಕೋಶಗಳ ಹಾಸಿನ ಮೇಲೆ ಇಂಟರ್‌ಲ್ಯೂಕಿನ್-7 ಹಾಕಿ ಸಾಕಿದರೆ ತಿಂಗಳುಗಟ್ಟಲೆ ಚೆನ್ನಾಗಿಯೇ ಬೆಳೆದವು. ನೋಡಲು ಬಿ ಕೋಶದ ಮರಿಗಳೇ. ಇ2ಎ ಇತ್ತು, ಇಬಿಎಫ್1 ಇತ್ತು, ತುಣುಕುಗಳಿಂದ ಪ್ರತಿಕಾಯದ ಜೀನ್ ಕತ್ತರಿಸಿ ಜೋಡಿಸುವ ಕೆಲಸವೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಪ್ಯಾಕ್ಸ್5 ಎಂದರೆ ಬಿ ಕೋಶವನ್ನು ಮುಂದಕ್ಕೆ ತಳ್ಳುವ ಕೈ, ಅದಿಲ್ಲದೆ ಕೋಶ ನಿಂತಿದೆ ಎಂದು ಯಾರಿಗಾದರೂ ಅನಿಸುವುದೇ ಸಹಜ.

ಆಮೇಲೆ ಇಂಟರ್‌ಲ್ಯೂಕಿನ್-7 ತೆಗೆದು, ಅದರ ಬದಲು ಮ್ಯಾಕ್ರೊಫೇಜ್ ಬೆಳೆಸುವ ಸಂಕೇತ ಹಾಕಿದರು. ಕೋಶಗಳು ಮ್ಯಾಕ್ರೊಫೇಜ್ ಆದವು, ಕಸ ನುಂಗುವ ಕೆಲಸವನ್ನೂ ಮಾಡಿದವು. ಇನ್ನೊಂದು ಸಂಕೇತಕ್ಕೆ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಆದವು. ಮತ್ತೊಂದಕ್ಕೆ ಡೆಂಡ್ರೈಟಿಕ್ ಕೋಶ, ಗ್ರಾನ್ಯುಲೊಸೈಟ್, ಎನ್‌ಕೆ. ಬಾಸೆಲ್‌ನ ಆಂಟೊನಿಯಸ್ ರೋಲಿಂಕ್ ಅವನ್ನು ಇಲಿಗಳ ಮೈಗೆ ಸೇರಿಸಿದಾಗ ಥೈಮಸ್ಸಿಗೆ ಹೋಗಿ ಟಿ ಕೋಶಗಳಾದವು. ಬೇರೆ ಯಾವುದೋ ಕೋಶ ನಡುವೆ ನುಸುಳಿರಬಹುದು ಎಂಬ ಅನುಮಾನಕ್ಕೂ ಎಡೆಯಿರಲಿಲ್ಲ: ಆ ಟಿ ಕೋಶಗಳ ಡಿಎನ್‌ಎಯಲ್ಲಿ ಪ್ರತಿಕಾಯದ ಜೀನ್ ಅರ್ಧ ಜೋಡಿಸಿಟ್ಟ ಹಳೆಯ ಕುರುಹು ಹಾಗೇ ಉಳಿದಿತ್ತು. 1999ರಲ್ಲಿ ಎರಡೂ ಬರಹಗಳು ‘ನೇಚರ್’ನಲ್ಲಿ ಬಂದವು.

ಪ್ಯಾಕ್ಸ್5 ಇಲ್ಲದ ಮರಿಕೋಶದ ಒಳಗೆ ಇಣುಕಿದಾಗ ಅಲ್ಲಿ ಮ್ಯಾಕ್ರೊಫೇಜಿನ ಜೀನು, ಟಿ ಕೋಶದ ಜೀನು, ಮತ್ತೊಂದರ ಜೀನು ಎಲ್ಲವೂ ಮೆಲುದನಿಯಲ್ಲಿ ಒಟ್ಟಿಗೇ ಕೆಲಸ ಮಾಡುತ್ತಿದ್ದವು. ಯಾವುದಾಗಲೂ ತಯಾರು, ಯಾವುದೂ ಆಗಿಲ್ಲ. ಪ್ಯಾಕ್ಸ್5 ಮರಳಿ ಹಾಕಿದರೆ ಅವೆಲ್ಲ ಅಡಗುತ್ತವೆ. ಅದು ಸಿಡಿ19ನಂಥ ಬಿ ಕೋಶದ ಜೀನುಗಳನ್ನು ಎಬ್ಬಿಸುವುದೂ ನಿಜ, ಆದರೆ ಜೊತೆಗೇ ನೂರಕ್ಕೂ ಹೆಚ್ಚು ಜೀನುಗಳ ಬಾಯಿ ಮುಚ್ಚಿಸುತ್ತದೆ. ಆ ಪಟ್ಟಿಯಲ್ಲಿ ಮ್ಯಾಕ್ರೊಫೇಜ್ ಸಂಕೇತದ ಗ್ರಾಹಕವಿದೆ, ನಾಚ್ ಇದೆ. ಸುತ್ತಮುತ್ತ ಕರೆಗಳು ನಿಂತಿರುವುದಿಲ್ಲ. ಅದೇ ಮಜ್ಜೆ, ಅದೇ ಗದ್ದಲ. ಕೇಳಿಸಿಕೊಳ್ಳುವ ಕಿವಿಯನ್ನೇ ಕೋಶ ಕಳಚಿಟ್ಟಿರುತ್ತದೆ. ಬಿ ಕೋಶ ಆಗುವುದೆಂದರೆ ಮುಖ್ಯವಾಗಿ ಬೇರೇನೂ ಆಗದಿರುವುದು.

ಇದೆಲ್ಲ ಪ್ಯಾಕ್ಸ್5 ಒಂದರದೇ ಪ್ರತಾಪ ಎಂದರೆ ಇಬಿಎಫ್1ಗೆ ಅನ್ಯಾಯವಾದೀತು. ಹರಿಂದರ್ ಸಿಂಗ್ ಅವರ ಜೊತೆ ದುಡಿದು, ಮುಂದೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಜಗನ್ ಪೊಂಗುಬಾಲ 2008ರಲ್ಲಿ ತೋರಿಸಿದ್ದು ಇದನ್ನೇ: ಪ್ಯಾಕ್ಸ್5 ಇಲ್ಲದ ಕೋಶಗಳಲ್ಲಿ ಇಬಿಎಫ್1 ಹೆಚ್ಚಿಸಿದರೆ ಅದೊಂದೇ ಬೇರೆ ದಾರಿಗಳನ್ನು ಮುಚ್ಚಬಲ್ಲದು. ಯಜಮಾನ ಯಾರೆಂಬ ಈ ವಾಗ್ವಾದದಲ್ಲಿ ಪಕ್ಷ ವಹಿಸುವ ಅಗತ್ಯ ನನಗೆ ಕಾಣದು. ಇಬ್ಬರೂ ಕೈ ಹಿಡಿದು ನಿಂತ ಕೋಶದಲ್ಲಿ ಒಬ್ಬರನ್ನು ಕಿತ್ತು ನೋಡುವುದು ಪ್ರಯೋಗಾಲಯದ ಅನುಕೂಲವಷ್ಟೇ.

ಒಮ್ಮೆ ದಾರಿ ಮುಚ್ಚಿದ ಮೇಲಾದರೂ ನೆಮ್ಮದಿಯೇ? ಇಲ್ಲಿಗೆ ಬಿಸಿಲೆಯ ಏಣು ಕೈಕೊಡುತ್ತದೆ. ಪೂರ್ತಿ ಬೆಳೆದು ಗುಲ್ಮದಲ್ಲೋ ದುಗ್ಧಗ್ರಂಥಿಯಲ್ಲೋ ನೆಲೆಯೂರಿದ ಇಲಿಯ ಬಿ ಕೋಶಗಳಿಂದ ಪ್ಯಾಕ್ಸ್5 ಅಳಿಸಿದರೆ ಏನಾಗುತ್ತದೆಂದು ಸೀಸರ್ ಕೊಬಲೆಡಾ ಮತ್ತು ಬಸ್ಲಿಂಗರ್ 2007ರಲ್ಲಿ ನೋಡಿದರು. ಆ ಕೋಶಗಳು ಮಜ್ಜೆಗೆ ಮರಳಿ, ಎಳೆಯ ಹಂತಕ್ಕೆ ಹಿಂದಕ್ಕೆ ಹೋಗಿ, ಅಲ್ಲಿಂದ ಹೊಸದಾಗಿ ಹೊರಟು ಟಿ ಕೋಶಗಳಾದವು. ಕೊಲ್ಲಿ ಸೇರುವ ಹಾದಿಯಲ್ಲಿದ್ದ ನೀರು ಘಟ್ಟ ಹತ್ತಿ ಆಚೆ ಇಳಿದಂತೆ. ಪೂರ್ತಿ ಜೋಡಿಸಿದ ಪ್ರತಿಕಾಯ ಜೀನ್ ಹೊತ್ತ ಟಿ ಕೋಶ: ಪ್ರಕೃತಿಯಲ್ಲಿ ಯಾರೂ ಕಾಣದ ಪ್ರಾಣಿ. ಅದಕ್ಕೂ ಮೂರು ವರ್ಷ ಮುಂಚೆ ನ್ಯೂಯಾರ್ಕಿನಲ್ಲಿ ಥಾಮಸ್ ಗ್ರಾಫ್ ತಂಡ ಇನ್ನೊಂದು ಪ್ರೋಟೀನನ್ನು ಒತ್ತಾಯದಿಂದ ತುರುಕಿ ಬಿ ಕೋಶಗಳನ್ನು ಕೆಲವೇ ದಿನದಲ್ಲಿ ಮ್ಯಾಕ್ರೊಫೇಜ್ ಮಾಡಿತ್ತು. ಬಿ ಕೋಶದ ನಿಷ್ಠೆ ಎಂದೋ ಒಮ್ಮೆ ಹಾಕಿಕೊಟ್ಟ ಮುಚ್ಚಳಿಕೆಯಲ್ಲ. ಪ್ಯಾಕ್ಸ್5 ಅಲ್ಲಿ ಕುಳಿತಿರುವಷ್ಟು ಹೊತ್ತು ಮಾತ್ರ ಅದು ಬಿ ಕೋಶ. ಕೊನೆಗೆ ಪ್ರತಿಕಾಯವನ್ನು ಸುರಿಸುವ ಪ್ಲಾಸ್ಮಾ ಕೋಶವಾಗುವಾಗ ಪ್ಯಾಕ್ಸ್5 ತಾನೇ ಎದ್ದು ಹೋಗಬೇಕಾಗುತ್ತದೆ, ಅದು ಬೇರೆ ಕಥೆ.

ದಾರಿ ಹಿಡಿದ ಕೋಶ ಗುರಿ ಮುಟ್ಟುತ್ತದೆಂಬ ಭರವಸೆಯೂ ಇಲ್ಲ. ಪ್ರತಿಕಾಯದ ಭಾರದ ಸರಪಳಿಯ ಜೀನ್ ಕಟ್ಟಲು ಮನುಷ್ಯರಲ್ಲಿ ಸುಮಾರು 40 ವಿ ತುಣುಕು, 23 ಡಿ, 6 ಜೆ ಇವೆ. ರ‍್ಯಾಗ್ ಎಂಬ ಕಿಣ್ವಜೋಡಿ ಒಂದೊಂದನ್ನು ಆರಿಸಿ, ನಡುವಿನ ಡಿಎನ್‌ಎ ಕತ್ತರಿಸಿ ಎಸೆದು, ಉಳಿದದ್ದನ್ನು ಬೆಸೆಯುತ್ತದೆ. ಇಲಿಯಲ್ಲಿ ಈ ತುಣುಕುಗಳು 25 ಲಕ್ಷಕ್ಕೂ ಹೆಚ್ಚು ಅಕ್ಷರಗಳಷ್ಟು ಉದ್ದಕ್ಕೆ ಹರಡಿವೆ. ಆ ಉದ್ದವನ್ನು ಮಡಚಿ, ದೂರದ ತುಣುಕನ್ನು ಕಿಣ್ವದ ಬಾಯಿಗೆ ತಂದುಕೊಡುವ ಏರ್ಪಾಟಿನಲ್ಲೂ ಪ್ಯಾಕ್ಸ್5ರ ಕೈವಾಡವಿದೆ. ಬೆಸುಗೆಯಾಗುವ ಜಾಗದಲ್ಲಿ ಅಕ್ಷರಗಳು ಅಡ್ಡಾದಿಡ್ಡಿ ಸೇರುವುದರಿಂದ ಮೂರರಲ್ಲಿ ಎರಡು ಸಲ ಜೀನ್ ಓದಲಾಗದಂತೆ ಕೆಡುತ್ತದೆ. ಎರಡು ವರ್ಣತಂತುಗಳು, ಎರಡೇ ಅವಕಾಶ. ಸೋತ ಕೋಶ ಸಾಯುತ್ತದೆ, ಪಕ್ಕದ ಮ್ಯಾಕ್ರೊಫೇಜ್ ಅದನ್ನು ನುಂಗುತ್ತದೆ. ತನ್ನದೇ ಮೈಗೆ ಕಚ್ಚುವ ಪ್ರತಿಕಾಯ ಮಾಡಿಕೊಂಡದ್ದಕ್ಕೂ ಹೆಚ್ಚು ಬಾಳಿಕೆಯಿಲ್ಲ.

ಗೆದ್ದ ಕೋಶ ‘ಸರಪಳಿ ಸರಿಯಾಯಿತು, ಮುಂದುವರಿ’ ಎಂಬ ಸೂಚನೆಯನ್ನು ಒಳಕ್ಕೆ ದಾಟಿಸಬೇಕು. ಆ ಸೂಚನೆ ದಾಟದ ಮಕ್ಕಳ ಕಥೆ ಈ ಎಲ್ಲ ಜೀನುಗಳ ಹೆಸರಿಗಿಂತ ಹಳೆಯದು. 1952ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಕರ್ನಲ್ ಆಗ್ಡನ್ ಬ್ರೂಟನ್ ಬಳಿ ಎಂಟು ವರ್ಷದ ಹುಡುಗನೊಬ್ಬನಿದ್ದ. ರಕ್ತಕ್ಕೆ ನಂಜೇರಿ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದ. ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಲ್ಲಿ ಹರಿಸಿ ಬೇರ್ಪಡಿಸಿ ನೋಡಿದಾಗ ಗಾಮಾ ಗ್ಲೋಬ್ಯುಲಿನ್ ಇರಬೇಕಾದ ಜಾಗ ಖಾಲಿ. ಬೇರೆಯವರ ರಕ್ತದಿಂದ ತೆಗೆದ ಗ್ಲೋಬ್ಯುಲಿನ್ ಅನ್ನು ಬ್ರೂಟನ್ ತಿಂಗಳಿಗೊಮ್ಮೆ ಕೊಡುತ್ತಾ ಹೋದರು, ಹುಡುಗ ಸುಧಾರಿಸಿಕೊಂಡ. ಕೆಟ್ಟಿರುವ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ಹಾಗಾಗಿ ರೋಗ ಗಂಡುಮಕ್ಕಳಿಗೆ. 1993ರಲ್ಲಿ ಅದು ಸಿಕ್ಕಿದಾಗ ಬ್ರೂಟನ್ ಹೆಸರನ್ನೇ ಇಟ್ಟು ಬಿಟಿಕೆ ಎಂದರು. ಇಂಥ ಮಕ್ಕಳ ಮಜ್ಜೆಯಲ್ಲಿ ಪ್ಯಾಕ್ಸ್5 ಇದೆ, ಸಿಡಿ19 ಇದೆ, ಬಿ ಕೋಶವಾಗುವ ತೀರ್ಮಾನವೂ ಆಗಿದೆ. ಪಯಣ ಮಾತ್ರ ನಡುದಾರಿಯಲ್ಲಿ ನಿಂತಿದೆ. ಇದೇ ಬಿಟಿಕೆಯನ್ನು ಬೇಕೆಂದೇ ತಡೆಯುವ ಮಾತ್ರೆಗಳು ಈಗ ದೊಡ್ಡವರ ಕೆಲವು ಬಿ ಕೋಶದ ಕ್ಯಾನ್ಸರುಗಳಿಗೆ ಮದ್ದು.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹೊಂದುತ್ತದೆಂದು ನಂಬಿ ಕೂರುವಂತಿಲ್ಲ. ಇಂಟರ್‌ಲ್ಯೂಕಿನ್-7ರ ಗ್ರಾಹಕ ಕೆಟ್ಟ ಇಲಿಯಲ್ಲಿ ಬಿ ಕೋಶಗಳು ಬೆಳೆಯುವುದಿಲ್ಲ. ಅದೇ ಗ್ರಾಹಕ ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಟಿ ಕೋಶ ಇರುವುದಿಲ್ಲ, ಬಿ ಕೋಶಗಳು ಇರುತ್ತವೆ. ಪ್ಯಾಕ್ಸ್5ರ ವಿಷಯದಲ್ಲಿ ಮಾತ್ರ ಇಲಿಯ ಎಚ್ಚರಿಕೆ ಮನುಷ್ಯರಿಗೂ ಸಲ್ಲುತ್ತದೆ. ಬೆಳೆದ ಬಿ ಕೋಶಗಳಿಂದ ಪ್ಯಾಕ್ಸ್5 ಅಳಿಸಿದ ಕೊಬಲೆಡಾರ ಇಲಿಗಳಲ್ಲಿ ಉಗ್ರ ಲಿಂಫೋಮಾ ಎದ್ದಿತ್ತು. ಅದೇ 2007ರಲ್ಲಿ ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯ ತಂಡ ಬಿ ಕೋಶದ ಲ್ಯುಕೇಮಿಯಾ ಇರುವ ಮಕ್ಕಳ ಜೀನುಗಳನ್ನು ಜಾಲಾಡಿದಾಗ ಸುಮಾರು ಮೂರನೆಯ ಒಂದು ಪಾಲು ಮಕ್ಕಳಲ್ಲಿ ಪ್ಯಾಕ್ಸ್5 ಕೆಟ್ಟಿತ್ತು. ಸಾಮಾನ್ಯವಾಗಿ ಎರಡು ಪ್ರತಿಗಳಲ್ಲಿ ಒಂದು. ದಾರಿ ಬದಲಿಸುವಷ್ಟು ಖಾಲಿಯಲ್ಲ, ಬೆಳೆದು ಮುಗಿಸುವಷ್ಟು ಭರ್ತಿಯೂ ಅಲ್ಲ. ಎಳೆಯ ಹಂತದಲ್ಲೇ ಸಿಕ್ಕಿಕೊಂಡ ಕೋಶ ಒಡೆಯುತ್ತಲೇ ಹೋಗುತ್ತದೆ.

ಹೆಮಟೋಗೋನ್ ಯಾವುದು, ಕ್ಯಾನ್ಸರ್ ಯಾವುದು ಎಂದು ರೋಗಶಾಸ್ತ್ರಜ್ಞರು ಈಗ ಪತ್ತೆಹಚ್ಚುವುದು ಫ್ಲೋ ಸೈಟೋಮೀಟರಿನಲ್ಲಿ. ಕೋಶಗಳು ಒಂದರ ಹಿಂದೊಂದು ಲೇಸರ್ ಮುಂದೆ ಹಾದುಹೋಗುತ್ತವೆ, ಪರದೆಯ ಮೇಲೆ ಚುಕ್ಕಿಗಳು ಬೀಳುತ್ತವೆ. ಆರೋಗ್ಯವಂತ ಮರಿಗಳಲ್ಲಿ ಮೈಮೇಲಿನ ಪ್ರೋಟೀನುಗಳ ಪೈಕಿ ಸಿಡಿ34 ಮಾಸುತ್ತಾ, ಸಿಡಿ10 ಇಳಿಯುತ್ತಾ, ಸಿಡಿ20 ಏರುತ್ತಾ ಚುಕ್ಕಿಗಳು ಒಂದು ಬಾಗಿದ ಸಾಲಿನಲ್ಲಿ ಹರಡಿಕೊಳ್ಳುತ್ತವೆ; ಎಲ್ಲ ವಯಸ್ಸಿನವೂ ಅಲ್ಲಿರುತ್ತವೆ. ಕ್ಯಾನ್ಸರಾದರೆ ಎಲ್ಲವೂ ಒಂದೇ ಕಡೆ ಗುಡ್ಡೆ. ಎರಡರಲ್ಲೂ ಸಿಡಿ19 ಮಾತ್ರ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅದು ಪ್ಯಾಕ್ಸ್5 ಒತ್ತಿದ ಮುದ್ರೆ.

ಆ ಮುದ್ರೆಯನ್ನೇ ಗುರಿಯಾಗಿಸಿದ ಚಿಕಿತ್ಸೆ ಕಾರ್-ಟಿ. ರೋಗಿಯದೇ ಟಿ ಕೋಶಗಳನ್ನು ತೆಗೆದು, ಸಿಡಿ19 ಹಿಡಿಯುವ ಕೊಕ್ಕೆಯೊಂದನ್ನು ಅವುಗಳಿಗೆ ಜೀನಿನ ಮೂಲಕ ತೊಡಿಸಿ, ಬೆಳೆಸಿ, ಮರಳಿ ಕೊಡುತ್ತಾರೆ. ಕೊಕ್ಕೆಯ ತುದಿ ಪ್ರತಿಕಾಯದ ತುಂಡೇ, ಅಂದರೆ ಮೂಲದಲ್ಲಿ ಬಿ ಕೋಶದ್ದೇ ಸಾಮಾನು. ಫಿಲಡೆಲ್ಫಿಯಾದಲ್ಲಿ 2012ರಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಹುಡುಗಿ ಇದನ್ನು ಪಡೆದ ಮೊದಲ ಮಗು. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಈ ಟಿ ಕೋಶಗಳಿಗೆ ಒಳ್ಳೆಯ ಬಿ ಕೋಶ, ಕೆಟ್ಟ ಬಿ ಕೋಶ ಎಂಬ ಭೇದವಿಲ್ಲ. ಸಿಡಿ19 ಕಂಡದ್ದನ್ನೆಲ್ಲ ಕೊಲ್ಲುತ್ತವೆ. ಮಗುವಿನ ರಕ್ತದಲ್ಲಿ ಬಿ ಕೋಶವೇ ಇಲ್ಲದಾಗುತ್ತದೆ, ಬ್ರೂಟನ್ ಕೊಟ್ಟಂತೆಯೇ ತಿಂಗಳು ತಿಂಗಳು ಗ್ಲೋಬ್ಯುಲಿನ್ ಏರಿಸಬೇಕಾಗುತ್ತದೆ. ಕಾಂಡಕೋಶಕ್ಕೆ ಏನೂ ಆಗುವುದಿಲ್ಲ. ಅದಿನ್ನೂ ಯಾರಿಗೂ ಮಾತು ಕೊಟ್ಟಿಲ್ಲ, ಅದರ ಮೈಮೇಲೆ ಸಿಡಿ19 ಇಲ್ಲ. ಅದು ಎಂದಿನಂತೆ ಮರಿ ಹಾಕುತ್ತದೆ, ಮರಿ ದಾರಿ ಹಿಡಿಯುತ್ತದೆ, ಪ್ಯಾಕ್ಸ್5 ಏಳುತ್ತದೆ, ಸಿಡಿ19 ಮೂಡುತ್ತದೆ, ಕಾವಲಿದ್ದ ಟಿ ಕೋಶ ಬಂದು ಮುಗಿಸುತ್ತದೆ. ಹಾಗಾಗಿ ಈ ಮಕ್ಕಳ ರಕ್ತವನ್ನು ವೈದ್ಯರು ಆಗಾಗ ತರಿಸಿ ನೋಡುವುದು ಬಿ ಕೋಶ ಇಲ್ಲ ತಾನೇ ಎಂದು. ಮೊದಲ ಆರು ತಿಂಗಳೊಳಗೆ ಆರೋಗ್ಯವಂತ ಬಿ ಕೋಶಗಳು ಮರಳಿ ಕಾಣಿಸಿಕೊಂಡರೆ ಅವರ ಹಣೆ ಗಂಟಿಕ್ಕುತ್ತದೆ: ಕಾವಲು ಹೊರಟುಹೋಗಿದೆ, ಮುಂದೇನು ಮಾಡುವುದೆಂದು ಮನೆಯವರನ್ನು ಕೂರಿಸಿಕೊಂಡು ಮಾತಾಡಬೇಕು.